ತಿರುಗಿ ಬರುವ ಕೋಲಿನ ಹೆಸರು

ಕಳೆದ ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ಮೊಮ್ಮಗ ರೋಣಕ್ಕೆ ಬಂದಿದ್ದ. ಈಗ ಏಳನೇ ತರಗತಿ. ಬೆಳಿಗ್ಗೆ ನಾನು ಚಹಾ ಕುಡಿಯುತ್ತ ಪತ್ರಿಕೆ ಓದುವಾಗ ಪಕ್ಕದಲ್ಲಿ ಕೂತು, ದಪ್ಪಕ್ಷರದ ತಲೆಬರಹಗಳನ್ನು ಗಟ್ಟಿಯಾಗಿ ಓದುವುದು ಅವನ ರೂಢಿ. ಒಂದು ದಿನ ಯಾವುದೋ ರಾಜಕೀಯ ಸುದ್ದಿಯ ಮೇಲೆ ‘ತಿರುಗುಬಾಣ’ ಎಂಬ ಶಬ್ದ ಸಿಕ್ಕಿತು.

“ಅಜ್ಜಾ, ತಿರುಗುಬಾಣ ಅಂದ್ರ ಏನು?”

“ಬಿಟ್ಟಾವಗ ತಿರುಗಿ ಬಂದು ಬಡಿಯೂದು. ಇಂಗ್ಲಿಷಿನ್ಯಾಗ ಬೂಮರಾಂಗ್ ಅಂತಾರ.”

“ಬೂಮರಾಂಗ್ ನಾ ಕಾರ್ಟೂನಿನ್ಯಾಗ ನೋಡೀನಿ. ಅದು ಡೊಂಕು ಕಟಗಿ. ಅದರಾಗ ಬಾಣ ಎಲ್ಲೈತಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಿ.ಕಾಂ. ಓದಿ ರೋಣ, ನರಗುಂದ, ಗಜೇಂದ್ರಗಡಗಳ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇವೆ ಮುಗಿಸಿದವನು. ತಿರುಗಿ ಬರುವ ವಸ್ತು ಎಂದರೆ ನನಗೆ ಗೊತ್ತಿದ್ದದ್ದು ಹಣವಿಲ್ಲದೆ ವಾಪಸಾಗುವ ಚೆಕ್ಕು ಮಾತ್ರ! ಆದರೆ ಹುಡುಗನ ಪ್ರಶ್ನೆ ಬಿಡಲಿಲ್ಲ. ರಜೆ ಮುಗಿಯುವ ತನಕ ಇಬ್ಬರೂ ಸೇರಿ ನಿಘಂಟು ನೋಡಿದೆವು, ಗ್ರಂಥಾಲಯಕ್ಕೆ ಹೋದೆವು, ಕಂಡವರನ್ನು ಕೇಳಿದೆವು. ಸಿಕ್ಕದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೋಲು ಬಾಣವಾದದ್ದು

ಮೊಮ್ಮಗನ ಮಾತು ಸರಿ. ಬೂಮರಾಂಗ್ ಬಾಣವಲ್ಲ. ಅದಕ್ಕೆ ಬಿಲ್ಲು ಬೇಕಿಲ್ಲ, ಚೂಪಾದ ಮೊನೆ ಇಲ್ಲ. ಕೈಯಿಂದ ಬೀಸಿ ಎಸೆಯುವ ಬಾಗಿದ ಕೋಲು ಅದು. ಆದರೂ ಕನ್ನಡದಲ್ಲಿ ಅದಕ್ಕೆ ಬಾಣ ಎಂದು ಏಕೆ ಕರೆದರು? ನನಗನ್ನಿಸುವುದು ಇಷ್ಟು: ನಮ್ಮ ಕಥೆಗಳ ತುಂಬ ಬಾಣಗಳೇ ಇವೆ. ರಾವಣನನ್ನು ಕೊಂದ ರಾಮನ ಬಾಣ ತಿರುಗಿ ಬತ್ತಳಿಕೆ ಸೇರಿತೆಂದು ವಾಲ್ಮೀಕಿ ಹೇಳುತ್ತಾನೆ. ವಿಷ್ಣುವಿನ ಚಕ್ರವೂ ಕೆಲಸ ಮುಗಿಸಿ ಕೈಗೆ ಮರಳುತ್ತದೆ. ಹೀಗಾಗಿ ಎಸೆದದ್ದು ವಾಪಸು ಬಂತೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬಾಣ.

ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಭಾರತದಲ್ಲಿಯೂ ತಿರುಗಿ ಬಂದ ಬಾಣವೊಂದಿದೆ. ಕರ್ಣ ಅರ್ಜುನನ ಮೇಲೆ ಸರ್ಪಾಸ್ತ್ರ ಬಿಡುತ್ತಾನೆ. ಕೃಷ್ಣ ರಥವನ್ನು ಅದುಮಿ ನೆಲಕ್ಕೆ ಇಳಿಸುತ್ತಾನೆ, ಗುರಿ ತಪ್ಪಿ ಕಿರೀಟ ಹಾರುತ್ತದೆ. ಆ ಬಾಣದಲ್ಲಿದ್ದ ಹಾವು ಅಶ್ವಸೇನ. ಅವನ ತಾಯಿ ಖಾಂಡವವನ ಸುಡುವಾಗ ಸತ್ತಿದ್ದಳು. ಅವನು ಕರ್ಣನ ಬಳಿಗೆ ತಿರುಗಿ ಬಂದು ‘ಇನ್ನೊಮ್ಮೆ ಹೂಡು’ ಎಂದು ಕೇಳಿಕೊಳ್ಳುತ್ತಾನೆ. ಕರ್ಣ ಒಲ್ಲೆನೆನ್ನುತ್ತಾನೆ. ಒಮ್ಮೆ ತೊಟ್ಟದ್ದನ್ನು ಮತ್ತೆ ತೊಡುವುದಿಲ್ಲ ಎಂದು ತಾಯಿ ಕುಂತಿಗೆ ಅವನು ಮಾತು ಕೊಟ್ಟಿದ್ದ. ಈ ಕಥೆ ಹೇಳಿದಾಗ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕರ್ಣ ಸೋತಿದ್ದು ಮಾತಿನ ಸಲುವಾಗಿ” ಅಂದ. ನಾನು ಹೌದೆಂದೆ.

ಎಲ್ಲ ಕೋಲೂ ತಿರುಗಿ ಬರುವುದಿಲ್ಲ

ಇನ್ನು ನಿಜವಾದ ಕೋಲಿನ ವಿಚಾರ. ಬೂಮರಾಂಗ್ ಎಂದರೆ ಆಸ್ಟ್ರೇಲಿಯಾ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಬೀಸಿ ಎಸೆಯುವ ಕೋಲು ಜಗತ್ತಿನ ಹಲವು ಕಡೆ ಇತ್ತು. ಪೋಲೆಂಡಿನ ಒಂದು ಗುಹೆಯಲ್ಲಿ ಮ್ಯಾಮತ್ ಎಂಬ ಹಳೆಯ ಕಾಲದ ಆನೆಯ ದಂತದಿಂದ ಮಾಡಿದ ಅಂಥ ಕೋಲು ಸಿಕ್ಕಿದೆ. ಅದಕ್ಕೆ ಕನಿಷ್ಠ 20 ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸು. ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಗೋರಿಯನ್ನು 1922ರಲ್ಲಿ ತೆರೆದಾಗ ಅಲ್ಲಿಯೂ ಎಸೆಗೋಲುಗಳಿದ್ದವು. ದಕ್ಷಿಣ ಆಸ್ಟ್ರೇಲಿಯಾದ ಒಂದು ಜೌಗಿನಲ್ಲಿ 1973ರಲ್ಲಿ ಸಿಕ್ಕ ಮರದ ಬೂಮರಾಂಗುಗಳಿಗೆ ಸುಮಾರು 10 ಸಾವಿರ ವರ್ಷ.

ನಮಗೆ ಅಚ್ಚರಿಯಾದ ಸಂಗತಿಯೆಂದರೆ, ಬೇಟೆಯ ಕೋಲು ತಿರುಗಿ ಬರುವುದಿಲ್ಲ! ಅದು ಭಾರ, ಬಾಗು ಕಡಿಮೆ, ನೆಟ್ಟಗೆ ಹಾರಿ ಪ್ರಾಣಿಯ ಕಾಲಿಗೆ ಬಡಿಯುತ್ತದೆ. ಬಡಿದ ಮೇಲೆ ತಿರುಗಿ ಬರುವ ಮಾತೇ ಇಲ್ಲ. ತಿರುಗಿ ಬರುವಂಥದ್ದು ಹಗುರವಾದ ಬೇರೆ ಬಗೆ. ಅದನ್ನು ಹೆಚ್ಚಾಗಿ ಆಟಕ್ಕೆ ಬಳಸುತ್ತಿದ್ದರು. ಕೆಲವೊಮ್ಮೆ ನೀರಹಕ್ಕಿಗಳ ಹಿಂಡಿನ ಮೇಲೆ ಅದನ್ನು ತೇಲಿಬಿಟ್ಟರೆ, ಗಿಡುಗ ಬಂತೆಂದು ಹೆದರಿ ಹಕ್ಕಿಗಳು ತಗ್ಗಿ ಹಾರಿ ಬಲೆಗೆ ಬೀಳುತ್ತಿದ್ದವು.

ಅದು ತಿರುಗುವುದು ಹೇಗೆ? ಮಕ್ಕಳೇ, ಒಂದು ರೂಪಾಯಿ ನಾಣ್ಯವನ್ನು ನೆಲದ ಮೇಲೆ ಉರುಳಿಸಿ ನೋಡಿ. ಬ್ಯಾಂಕಿನ ಕೌಂಟರಿನ ಮೇಲೆ ನಾನು ಇದನ್ನು ಸಾವಿರ ಸಲ ನೋಡಿದ್ದೇನೆ. ನಾಣ್ಯ ಎಡಕ್ಕೆ ವಾಲಿದರೆ ಕೂಡಲೇ ಬೀಳುವುದಿಲ್ಲ, ಎಡಕ್ಕೆ ತಿರುಗುತ್ತ ಸುತ್ತು ಹಾಕುತ್ತದೆ. ಗರಗರ ತಿರುಗುವ ವಸ್ತುವಿನ ಗುಣವೇ ಅದು. ಅದನ್ನು ಒರಗಿಸಲು ಹೋದರೆ ಅದು ದಾರಿ ಬದಲಿಸುತ್ತದೆ. ಬೂಮರಾಂಗನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ, ತಿರುಗುವ ಹಾಗೆ ಎಸೆಯುತ್ತಾರೆ. ಮೇಲಿನ ರೆಕ್ಕೆ ಮುಂದಕ್ಕೆ ಸಾಗುವಾಗ ಅದಕ್ಕೆ ಗಾಳಿಯ ಒತ್ತು ಜಾಸ್ತಿ, ಕೆಳಗಿನ ರೆಕ್ಕೆ ಹಿಂದಕ್ಕೆ ಬರುವಾಗ ಕಡಿಮೆ. ಈ ಹೆಚ್ಚುಕಡಿಮೆ ಅದನ್ನು ಒರಗಿಸಲು ನೋಡುತ್ತದೆ. ಕೋಲು ನಾಣ್ಯದ ಹಾಗೆ ಸುತ್ತು ಹಾಕಿ ಎಸೆದವನ ಕಡೆಗೆ ಬರುತ್ತದೆ. ಇದಕ್ಕೆ ಗಾಳಿ ಬೇಕೇ ಬೇಕು. 2008ರಲ್ಲಿ ಜಪಾನಿನ ಗಗನಯಾತ್ರಿ ಟಕಾವೊ ದೊಯಿ ಬಾಹ್ಯಾಕಾಶ ನಿಲ್ದಾಣದೊಳಗೆ ಕಾಗದದ ಬೂಮರಾಂಗ್ ಎಸೆದರು. ಅಲ್ಲಿ ವಸ್ತುಗಳಿಗೆ ತೂಕವಿಲ್ಲ, ಆದರೆ ಗಾಳಿ ಇದೆ. ಅದು ತಿರುಗಿ ಬಂತು.

ನಾವೂ ಒಂದು ಮಾಡಿದೆವು. ನೀವೂ ಮಾಡಬಹುದು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ 20 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ. ಅಧಿಕ ಚಿಹ್ನೆಯ ಹಾಗೆ ಒಂದರ ಮೇಲೊಂದು ಅಡ್ಡ ಇಟ್ಟು ನಡುವೆ ಪಿನ್ನು ಹೊಡೆಯಿರಿ. ನಾಲ್ಕೂ ತುದಿಗಳನ್ನು ಒಂದೇ ಕಡೆಗೆ ಸ್ವಲ್ಪ ಬಾಗಿಸಿ. ಬಾಗಿದ ಮಗ್ಗುಲು ನಿಮ್ಮ ಕಡೆಗಿರಲಿ. ಒಂದು ರೆಕ್ಕೆಯ ತುದಿ ಹಿಡಿದು, ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನಿಂದ ಚಟ್ಟನೆ ತಿರುಗಿಸಿ ಎಸೆಯಿರಿ. ಫ್ಯಾನು ಬಂದ್ ಮಾಡಿದ ಕೋಣೆಯಲ್ಲಿ ಚೆನ್ನಾಗಿ ಹಾರುತ್ತದೆ. ನಾನು ಐದಾರು ಸಲ ಎಸೆದೆ, ಪ್ರತಿ ಸಲವೂ ಕಪಾಟಿನ ಹಿಂದೆ ಹೋಗಿ ಬಿತ್ತು. ಏಳನೆಯ ಸಲ ಸುತ್ತು ಹಾಕಿ ಬಂದು ನೇರವಾಗಿ ನನ್ನ ಚಷ್ಮಾಕ್ಕೇ ಬಡಿಯಿತು. “ಅಜ್ಜಾ, ತಿರುಗುಬಾಣ!” ಎಂದು ಮೊಮ್ಮಗ ಬಿದ್ದು ಬಿದ್ದು ನಕ್ಕ. ಅಡಿಗೆಮನೆಯಿಂದ ಅವನ ಅಜ್ಜಿ ನಕ್ಕದ್ದೂ ಕೇಳಿಸಿತು.

ಶಬ್ದ ಉಳಿದು ಭಾಷೆ ಸೊರಗಿತು

ಈಗ ‘ಬೂಮರಾಂಗ್’ ಎಂಬ ಹೆಸರಿನ ಕಥೆ. ಇದು ಇಂಗ್ಲಿಷ್ ಶಬ್ದವಲ್ಲ. ಸಿಡ್ನಿ ನಗರ ಇಂದು ನಿಂತಿರುವ ನೆಲದ ಮೂಲನಿವಾಸಿಗಳ ಭಾಷೆಯ ಶಬ್ದ. ಆ ಭಾಷೆಗೆ ಈಗ ಧರುಗ್ ಎನ್ನುತ್ತಾರೆ. 1788ರ ಜನವರಿಯಲ್ಲಿ ಇಂಗ್ಲಿಷರ ಹಡಗುಗಳು ಅಲ್ಲಿಗೆ ಬಂದವು. ಹೊಸದಾಗಿ ಬಂದವರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಒಬ್ಬ ‘ಬೂಮೆರಿಟ್’ ಎಂದು ಬರೆದ. 1798ರಲ್ಲಿ ಇನ್ನೊಬ್ಬ ‘ವೊಮುರ್‌ರಾಂಗ್’ ಎಂದು ಬರೆದ. 1822ರಲ್ಲಿ ‘ಬೌಮರಾಂಗ್’ ಎಂದು ದಾಖಲಾಯಿತು. ಆ ಜನ ಬೇಟೆಯ ಕೋಲುಗಳಿಗೆ ಬೇರೆ ಹೆಸರು ಹೇಳುತ್ತಿದ್ದರು, ತಿರುಗಿ ಬರುವ ಕೋಲಿಗೆ ಮಾತ್ರ ಈ ಹೆಸರು. ಅದೇ ಶಬ್ದ ಇಂಗ್ಲಿಷಿಗೆ ಹೋಗಿ, ಮುಂದೆ ‘ಮಾಡಿದ ಕೇಡು ಮಾಡಿದವನಿಗೇ ಮರಳುವುದು’ ಎಂಬ ಅರ್ಥ ಪಡೆದು, ಲೋಕವೆಲ್ಲ ಸುತ್ತಿ ನಮ್ಮ ಪತ್ರಿಕೆಯ ತಲೆಬರಹಕ್ಕೂ ಬಂತು.

ಶಬ್ದ ಲೋಕ ಸುತ್ತಿತು. ಆದರೆ ಆ ಶಬ್ದ ಕೊಟ್ಟ ಜನರ ಗತಿ ಏನಾಯಿತು? ಹಡಗು ಬಂದ ಮರುವರ್ಷವೇ, 1789ರಲ್ಲಿ, ಸಿಡುಬು ಹಬ್ಬಿ ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರೆಂದು ಅಂದಿನ ಗವರ್ನರನ ಅಂದಾಜು. ಉಳಿದವರ ನೆಲ ಹೋಯಿತು. ನೆಲದ ಹಿಂದೆ ಭಾಷೆಯೂ ಹೋಗತೊಡಗಿತು.

ಆಗ ಒಂದು ಒಳ್ಳೆಯ ಕೆಲಸವೂ ನಡೆಯಿತು. ವಿಲಿಯಂ ಡಾಸ್ ಎಂಬ ಯುವ ನೌಕಾ ಅಧಿಕಾರಿ ನಕ್ಷತ್ರ ನೋಡುವ ಕೆಲಸಕ್ಕೆ ಅಲ್ಲಿದ್ದ. ಪಟ್ಯೆಗರಂಗ್ ಎಂಬ ಹದಿಹರೆಯದ ಮೂಲನಿವಾಸಿ ಹುಡುಗಿ ಅವನಿಗೆ ತನ್ನ ಭಾಷೆ ಕಲಿಸಿದಳು. ಅವಳು ಹೇಳಿದ್ದನ್ನು ಅವನು 1790-91ರಲ್ಲಿ ಸಣ್ಣ ನೋಟುಪುಸ್ತಕಗಳಲ್ಲಿ ಬರೆದಿಟ್ಟ. ಬರೀ ಶಬ್ದಗಳಲ್ಲ, ಇಬ್ಬರ ಮಾತುಕತೆಗಳನ್ನೇ ಬರೆದ. ಆ ಪುಸ್ತಕಗಳು ಈಗ ಲಂಡನ್ನಿನಲ್ಲಿವೆ. ಇನ್ನೂರು ವರ್ಷದ ಮೇಲೆ ಆ ಜನರ ಮರಿಮಕ್ಕಳು ತಮ್ಮ ಭಾಷೆಯನ್ನು ಮತ್ತೆ ಕಲಿಯಲು ಹೊರಟಾಗ ಅವು ನೆರವಿಗೆ ಬಂದವು. ಇಂದು ಸಿಡ್ನಿಯ ಕೆಲವು ಶಾಲೆಗಳಲ್ಲಿ ಮಕ್ಕಳು ಧರುಗ್ ಕಲಿಯುತ್ತಾರೆ.

“ಆ ಹುಡುಗಿ ನನ್ನಕಿಂತ ಸ್ವಲ್ಪ ದೊಡ್ಡಾಕಿ ಅಷ್ಟ ಇದ್ದಳೇನು?” ಎಂದು ಮೊಮ್ಮಗ ಕೇಳಿದ. ಹದಿನೈದರ ಆಸುಪಾಸು ಎಂದೆ. ಮರುದಿನ ಅವನು ಅಂಗಡಿಗೆ ಹೋಗಿ ಒಂದು ನೋಟುಪುಸ್ತಕ ತಂದ.

ಇಲ್ಲೊಂದು ತಮಾಷೆಯ ಮಾತು. ಆಸ್ಟ್ರೇಲಿಯಾದ ಇನ್ನೊಂದು ಮೂಲೆ, ಪರ್ತ್ ಕಡೆಯ ನೂಂಗಾರ್ ಜನ ಇದೇ ಬಗೆಯ ಕೋಲಿಗೆ ‘ಕೈಲಿ’ ಎನ್ನುತ್ತಾರೆ. ನಮ್ಮ ‘ಕೈಲಿ’ ಎಂದರೆ ಕೈಯಲ್ಲಿ! ಕೈಯಲ್ಲಿ ಹಿಡಿಯುವ ಕೋಲು, ಅದಕ್ಕೇ ಕೈಲಿ ಎಂದು ಮೊಮ್ಮಗ ಕುಣಿದಾಡಿದ. ನಾನು ತಡೆದೆ. ಸದ್ದು ಒಂದೇ ಆದ ಮಾತ್ರಕ್ಕೆ ನಂಟು ಹೇಳಬಾರದು. ಬ್ಯಾಂಕಿನಲ್ಲಿ ಒಂದೇ ಹೆಸರಿನ ಇಬ್ಬರು ಗಿರಾಕಿಗಳಿದ್ದರೆ ಒಬ್ಬನ ದುಡ್ಡು ಇನ್ನೊಬ್ಬನಿಗೆ ಕೊಡಲಾಗುತ್ತದೆಯೇ?

ನೆರೆಮನೆಯ ವಳರಿ

ನಂಟು ಇರುವುದು ಇನ್ನೊಂದು ಕಡೆ, ನಮ್ಮ ನೆರೆಮನೆಯಲ್ಲಿ. ತಮಿಳುನಾಡಿನ ಮದುರೈ, ಶಿವಗಂಗೆ, ಪುದುಕ್ಕೋಟೈ ಸೀಮೆಯ ಕಳ್ಳರ್ ಮತ್ತು ಮರವರ್ ಜನಾಂಗದವರ ಹತ್ತಿರ ‘ವಳರಿ’ ಎಂಬ ಬಾಗಿದ ಎಸೆಗೋಲು ಇತ್ತು. ಅದಕ್ಕೆ ‘ವಳೈತಡಿ’ ಎಂತಲೂ ಹೆಸರು. ಮರದ್ದು ಇತ್ತು, ದಂತದ್ದೂ ಕಬ್ಬಿಣದ್ದೂ ಇತ್ತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ಗ್ರಂಥದ ಪ್ರಕಾರ, ಕಳ್ಳರ್ ಮದುವೆಗಳಲ್ಲಿ ಗಂಡಿನವರೂ ಹೆಣ್ಣಿನವರೂ ಈ ಕೋಲುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು.

ತಮಿಳಿನ ‘ವ’ ಅನೇಕ ಶಬ್ದಗಳಲ್ಲಿ ನಮ್ಮಲ್ಲಿ ‘ಬ’ ಆಗುತ್ತದೆ. ಅವರ ವಿಲ್ ನಮ್ಮ ಬಿಲ್ಲು, ಅವರ ವಾಯ್ ನಮ್ಮ ಬಾಯಿ. ಹಾಗೆಯೇ ಅವರ ‘ವಳೈ’ ಎಂದರೆ ಬಾಗು, ಬಳೆ. ನಮ್ಮ ಬಳೆ ಮತ್ತು ಬಳಸು ಎಂಬ ಶಬ್ದಗಳು ಅದೇ ಬಳಗದವು. ಅವರ ‘ತಡಿ’ ನಮ್ಮ ದಡಿ, ಅಂದರೆ ದೊಣ್ಣೆ. ವಳೈತಡಿಯನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ‘ಬಳೆದಡಿ’! ಅಜ್ಜಿಯ ಕೈಬಳೆಗೂ ಬೇಟೆಯ ಕೋಲಿಗೂ ಒಂದೇ ಬೇರು ಎಂದು ತಿಳಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು.

ಶಿವಗಂಗೆಯ ಮರುದು ಸೋದರರಿಂದ ವಳರಿ ಎಸೆಯುವುದನ್ನು ಕಲಿತೆನೆಂದು ಕಂಪನಿ ಸೈನ್ಯದ ಜೇಮ್ಸ್ ವೆಲ್ಶ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಪಳಗಿದ ಕೈಯಾದರೆ ನೂರು ಗಜದೊಳಗೆ ಗುರಿ ತಪ್ಪದಂತೆ. 1801ರ ಯುದ್ಧದಲ್ಲಿ ಅದೇ ವೆಲ್ಶ್ ಆ ಸೋದರರ ವಿರುದ್ಧ ಹೋರಾಡಿದ. ಆ ವರ್ಷ ಅಕ್ಟೋಬರಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಮುಂದೆ ಆ ಸೀಮೆಯಲ್ಲಿ ಆಯುಧ ಹಿಡಿಯುವುದನ್ನೇ ನಿಷೇಧಿಸಿದರು. ಇಂಥ ಕಾನೂನು ನಮಗೆ ಹೊಸದಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂದಾಗ ಹಲಗಲಿಯ ಬೇಡರು ಎದ್ದರು. 1858ರಲ್ಲಿ ನರಗುಂದದ ಬಾಬಾಸಾಹೇಬರು ಎದ್ದರು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಕೈಯಿಂದ ಆಯುಧ ಹೋದರೆ ಕೆಲವೇ ತಲೆಮಾರಿನಲ್ಲಿ ಬಾಯಿಂದ ಅದರ ಹೆಸರೂ ಹೋಗುತ್ತದೆ.

ನಮ್ಮ ಹೊಲದ ಬಾಗುಕೋಲು

“ನಮ್ಮಲ್ಲಿ ಡೊಂಕು ಕೋಲು ಇಲ್ಲೇನು?” ಎಂಬುದು ಮೊಮ್ಮಗನ ಮುಂದಿನ ಪ್ರಶ್ನೆ. ಇದೆ, ಜಂತಿಗೆ ಸಿಗಿಸಿದ್ದೇ ಇದೆ ಎಂದು ತೋರಿಸಿದೆ. ಕುಡಗೋಲು! ಹಳೆಗನ್ನಡದಲ್ಲಿ ‘ಕುಡು’ ಎಂದರೆ ಡೊಂಕು, ಬಾಗಿದ್ದು. ಕುಡು ಮತ್ತು ಕೋಲು ಸೇರಿ ಕುಡುಗೋಲು, ನಮ್ಮ ಬಾಯಲ್ಲಿ ಕುಡಗೋಲು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲಿಯೂ ‘ಕ’ ಹೋಗಿ ‘ಗ’ ಬಂದಿದೆ. ಆದೇಶ ಸಂಧಿ. ಜೋಳ ಕೊಯ್ಯುವ ಕುಡಗೋಲಿನ ಹೆಸರಿನಲ್ಲಿ ಬಾಗಿದ ಕೋಲು ಅಡಗಿ ಕೂತಿದೆ ಎಂದು ನನಗೂ ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಎಸೆಯುವ ಕೋಲೂ ನಮ್ಮಲ್ಲಿ ಇತ್ತು. ನಾವು ಹುಡುಗರಿದ್ದಾಗ ಗಿಡಮಂಗ್ಯಾನ ಆಟ ಆಡುತ್ತಿದ್ದೆವು. ಬೇರೆ ಕಡೆ ಇದಕ್ಕೆ ಮರಕೋತಿ ಎನ್ನುತ್ತಾರೆ. ಒಬ್ಬ ಕಾಲೆತ್ತಿ ತೊಡೆಯ ಕೆಳಗಿಂದ ಬಡಗಿ ಎಸೆಯಬೇಕು. ಕಳ್ಳನಾದವನು ಓಡಿ ಹೋಗಿ ಅದನ್ನು ತರುವಷ್ಟರಲ್ಲಿ ಉಳಿದವರೆಲ್ಲ ಬೇವಿನ ಗಿಡ ಏರಿರಬೇಕು. ಚಿಣಿಫಣಿಯಲ್ಲಿ ಚಿಣಿ ಹಾರುತ್ತಿತ್ತು. ಜೋಳದ ಹೊಲದಲ್ಲಿ ಮಂಚಿಕೆಯ ಮೇಲೆ ನಿಂತು ಹಕ್ಕಿ ಓಡಿಸಲು ಕವಣಿ ಬೀಸುತ್ತಿದ್ದೆವು. ಈ ಶಬ್ದಗಳಲ್ಲಿ ಮೊಮ್ಮಗನಿಗೆ ಒಂದೂ ಗೊತ್ತಿರಲಿಲ್ಲ. ಬೂಮರಾಂಗ್ ಗೊತ್ತಿತ್ತು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. 1980ರ ದಶಕದಲ್ಲಿ ನಾನು ಗಜೇಂದ್ರಗಡದಲ್ಲಿದ್ದೆ. ಕುರಿ ಸಾಲಕ್ಕೆ ಒಬ್ಬ ಮುದುಕ ಕುರಿಗಾರ ಬರುತ್ತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತುದಿ ಬಾಗಿದ, ಎಣ್ಣೆ ಕುಡಿದು ಕಪ್ಪಾದ ಬಡಗಿ. ತೋಳ ಬಂದರೆ ಅದನ್ನು ಬೀಸಿ ಒಗೆಯುತ್ತೇನೆ, ನೆಲಕ್ಕೆ ಸಮನಾಗಿ ತಿರುಗುತ್ತ ಹೋಗಿ ಕಾಲಿಗೆ ಬಡಿಯುತ್ತದೆ ಎಂದು ಒಮ್ಮೆ ಹೇಳಿದ್ದ. ಆ ದಿನ ಬ್ಯಾಂಕಿನಲ್ಲಿ ಗದ್ದಲ. ಸಾಲಿನಲ್ಲಿ ಬಡಗಿ ಯಾರಿಗೋ ತಾಗಿತು. ನಾನು ಸಿಟ್ಟಿನಿಂದ, “ಅದನ್ನ ಹೊರಗ ಇಟ್ಟು ಬಾ, ಇದು ಕುರಿ ಹಟ್ಟಿ ಅಲ್ಲ” ಎಂದೆ. ಪಾಪ, ಅವನು ಸುಮ್ಮನೆ ಹೋಗಿ ಬಾಗಿಲ ಹೊರಗೆ ಗೋಡೆಗೆ ಆನಿಸಿ ಬಂದ.

ಹೆಬ್ಬೆಟ್ಟು ಒತ್ತಿ ಹೊರಗೆ ಹೋದರೆ ಬಡಗಿ ಇರಲಿಲ್ಲ. ಯಾರೋ ಒಯ್ದಿದ್ದರು. ಸಂಜೆಯವರೆಗೆ ಅವನು ಆ ಓಣಿಯಲ್ಲೆಲ್ಲ ಹುಡುಕಿದ. ಬ್ಯಾಂಕು ಮುಚ್ಚುವಾಗಲೂ ಕಟ್ಟೆಯ ಮೇಲೆ ಕೂತಿದ್ದ. ನಾನು ಐದು ರೂಪಾಯಿ ಕೊಡಲು ಹೋದೆ. ಮುಟ್ಟಲಿಲ್ಲ. “ಅದು ನಮ್ಮಪ್ಪಂದ್ರೀ” ಎಂದಷ್ಟೇ ಹೇಳಿ ಎದ್ದು ಹೋದ.

ಅವನ ಕುರಿಗಳ ಸಂಖ್ಯೆ, ಸಾಲದ ಮೊತ್ತ, ಕಂತು ಎಲ್ಲವನ್ನೂ ಲೆಡ್ಜರಿನಲ್ಲಿ ತಪ್ಪಿಲ್ಲದೆ ಬರೆದವನು ನಾನು. ಆ ಬಡಗಿಗೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ. ಅದಕ್ಕೂ ಮೊದಲು ನರಗುಂದದಲ್ಲಿದ್ದಾಗ, ಆಯುಧ ಕಸಿದ ಕಾನೂನಿನ ಬಗ್ಗೆ ಗುಡ್ಡದ ಕೆಳಗೆ ನಿಂತು ಮಕ್ಕಳಿಗೆ ಆವೇಶದಿಂದ ಹೇಳಿದವನೂ ನಾನೇ. ಈ ಮಾತನ್ನು ಮೊಮ್ಮಗನಿಗೆ ಹೇಳುವಾಗ ನನ್ನ ದನಿ ಸಣ್ಣದಾಯಿತು.

ಖಾಲಿ ಬಿಟ್ಟ ಸಾಲು

ರಜೆಯ ಕೊನೆಯ ಭಾನುವಾರ ಇಬ್ಬರೂ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋದೆವು. ಕಾಲಕಾಲೇಶ್ವರನ ದರ್ಶನ ಮಾಡಿ ಮೆಟ್ಟಿಲಿಳಿದು ಬಂದಾಗ ಗುಡ್ಡದ ಓರೆಯಲ್ಲಿ ಕುರಿ ಹಿಂಡು ಕಂಡಿತು. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಕುರಿಗಾರ ಇಪ್ಪತ್ತರ ಹುಡುಗ, ಕೈಯಲ್ಲಿ ಮೊಬೈಲು, ಕಂಕುಳಲ್ಲಿ ಬಡಗಿ. ಅದರ ತುದಿ ಸ್ವಲ್ಪ ಬಾಗಿತ್ತು.

“ತಮ್ಮಾ, ಈ ಡೊಂಕು ಬಡಗಿಗೆ ನಿಮ್ಮಾಗ ಬ್ಯಾರೆ ಹೆಸರು ಐತೇನು?” ಎಂದು ಕೇಳಿದೆ. ನಲವತ್ತು ವರ್ಷ ತಡವಾಗಿ ಕೇಳಿದ ಪ್ರಶ್ನೆ.

ಅವನು ನಕ್ಕ. “ಬಡಗಿಗೆ ಏನ್ ಹೆಸರ್ರೀ ಯಜಮಾನ್ರ, ಬಡಗಿ ಅಷ್ಟ.” ಆಮೇಲೆ ತಲೆ ಕೆರೆದುಕೊಂಡು, “ನಮ್ಮ ಮುತ್ಯಾ ಏನೋ ಅಂತಿದ್ದ. ನೆಪ್ಪಿಲ್ರೀ. ಊರಿಗೆ ಹೋದಾಗ ನಮ್ಮ ಆಯಿನ ಕೇಳ್ತೇನಿ” ಎಂದ. ಮೊಮ್ಮಗ ನಮ್ಮ ಮನೆಯ ಫೋನ್ ನಂಬರನ್ನು ಅವನ ಮೊಬೈಲಿಗೆ ಹಾಕಿಕೊಟ್ಟ. ಹೋಗುವ ಮುಂಚೆ ಆ ಹುಡುಗ ಯಾರೂ ಇಲ್ಲದ ಕಡೆಗೆ ಬಡಗಿಯನ್ನು ಒಮ್ಮೆ ಬೀಸಿ ಒಗೆದು ತೋರಿಸಿದ. ಅದು ಮುದುಕ ಹೇಳಿದ ಹಾಗೆಯೇ ನೆಲಕ್ಕೆ ಸಮನಾಗಿ ತಿರುಗುತ್ತ ಹೋಗಿ ಒಂದು ಜಾಲಿಯ ಬುಡಕ್ಕೆ ಬಡಿಯಿತು. ತಿರುಗಿ ಬರಲಿಲ್ಲ. ಮೊಮ್ಮಗನೇ ಓಡಿ ಹೋಗಿ ತಂದುಕೊಟ್ಟ.

ಬಸ್ಸಿನಲ್ಲಿ ಅವನು ನೋಟುಪುಸ್ತಕ ತೆಗೆದ. ಕುಡಗೋಲು, ದಡಿ, ಚಿಣಿಫಣಿ, ಗಿಡಮಂಗ್ಯಾ, ಕವಣಿ, ಮಂಚಿಕೆ ಎಂದು ಒಂದೊಂದಾಗಿ ಬರೆದು ಮುಂದೆ ಅರ್ಥ ಬರೆದ. ಕೊನೆಗೆ ‘ಕುರಿಗಾರರ ಡೊಂಕು ಬಡಗಿ’ ಎಂದು ಬರೆದು, ಅದರ ಹೆಸರಿಗೆ ಒಂದು ಸಾಲು ಖಾಲಿ ಬಿಟ್ಟ.

ಆ ಸಾಲು ಇನ್ನೂ ಖಾಲಿಯೇ ಇದೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ, ಮುತ್ಯಾ, ಆಯಿ ಯಾರಾದರೂ ಇದ್ದರೆ ಇವತ್ತೇ ಕೇಳಿ. ಕೋಲಿನ ಹೆಸರೇ ಆಗಬೇಕೆಂದಿಲ್ಲ. ಅವರು ಆಡಿದ ಆಟ, ಹಿಡಿದ ಸಾಮಾನು, ಹೊಲದ ಕೆಲಸ ಯಾವುದಾದರೂ ಸರಿ. ನೀವು ಹುಡುಗರಿದ್ದಾಗ ಇದಕ್ಕೆ ಏನನ್ನುತ್ತಿದ್ದಿರಿ ಎಂದು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅಜ್ಜಂದಿರೇ, ಅಜ್ಜಿಯರೇ, ಮಕ್ಕಳು ಕೇಳಿದರೆ ‘ಹೋಗೋ, ಅದೇನು ಮಹಾ’ ಎನ್ನಬೇಡಿ. ಕುರಿಗಾರರ ಮನೆಯವರು ಯಾರಾದರೂ ಇದನ್ನು ಓದಿ ಆ ಬಡಗಿಯ ಹೆಸರು ಈ ಪತ್ರಿಕೆಗೆ ಬರೆದು ತಿಳಿಸಿದರೆ, ಒಬ್ಬ ಹುಡುಗ ತನ್ನ ಪುಸ್ತಕದ ಆ ಸಾಲು ತುಂಬಿಕೊಳ್ಳುತ್ತಾನೆ. ಅವನ ಅಜ್ಜನ ಹಳೆಯ ಲೆಕ್ಕವೂ ಸ್ವಲ್ಪ ಚುಕ್ತಾ ಆಗುತ್ತದೆ.